ಎಂಜಿನ್ ನಿಂತ ಮೇಲಿನ ಎಂಬತ್ತು ಸೆಕೆಂಡು

(ಮಂಗಳೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯ ಭಾಗ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರ.)

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿ ನಿಂತು ವಿಮಾನ ಅಪಘಾತದ ಮಾತೆತ್ತಿದರೆ ಎಲ್ಲರ ಮನಸ್ಸೂ 2010ರ ಮೇ 22ಕ್ಕೆ ಹೋಗುತ್ತದೆ. 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ಆದರೆ ಆ ಬೋಯಿಂಗ್ 737ರ ಎಂಜಿನ್‌ಗಳು ಕೈಕೊಟ್ಟಿರಲಿಲ್ಲ. ರನ್‌ವೇಯ ತುಂಬ ಮುಂದೆ ಚಕ್ರ ಊರಿದ ವಿಮಾನ ಉಳಿದ ಜಾಗದಲ್ಲಿ ನಿಲ್ಲದೆ ಕೆಂಜಾರಿನ ಕಣಿವೆಗೆ ಬಿತ್ತು. ಇವತ್ತಿನ ವಿಷಯ ಅದಲ್ಲ. ಒಂದೇ ಎಂಜಿನ್ ಇರುವ, ಇಬ್ಬರೋ ನಾಲ್ವರೋ ಕೂರುವ ಪುಟ್ಟ ವಿಮಾನದ ಎಂಜಿನ್ ಆಕಾಶದಲ್ಲೇ ನಿಂತರೆ ಏನಾಗುತ್ತದೆ ಎಂಬುದು ಇಂದಿನ ವಿಷಯ.

ಜನ ಅಂದುಕೊಳ್ಳುವುದು, ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂದು. ಹಾಗೇನೂ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಪೆಡಲ್ ತುಳಿಯದೆ ಸೈಕಲ್ ಇಳಿಯುತ್ತದಲ್ಲ, ಹಾಗೆ ಅದು ಎತ್ತರವನ್ನು ಖರ್ಚು ಮಾಡುತ್ತಾ ವೇಗ ಉಳಿಸಿಕೊಂಡು ಇಳಿಯುತ್ತದೆ. ರೆಕ್ಕೆಗೆ ಬೇಕಾದದ್ದು ಗಾಳಿಯ ಹರಿವು. ಆ ಹರಿವನ್ನು ಎಂಜಿನ್ ಕೊಟ್ಟಿತೋ ಗುರುತ್ವ ಕೊಟ್ಟಿತೋ ಎಂಬುದು ರೆಕ್ಕೆಗೆ ಸಂಬಂಧವಿಲ್ಲದ ವಿಚಾರ. ಎಂಜಿನ್ ನಿಂತದ್ದರಿಂದಲೇ ಸತ್ತವರು ಕಡಿಮೆ. ನಿಂತ ಮೇಲೆ ಮಾಡಿದ್ದರಿಂದ, ಮಾಡದೆ ಬಿಟ್ಟದ್ದರಿಂದ ಸತ್ತವರು ಹೆಚ್ಚು. ನನ್ನ ಮಾತೆಲ್ಲ ಈ ವ್ಯತ್ಯಾಸದ ಸುತ್ತಲೇ ಇರುತ್ತದೆ.

ಲೆಕ್ಕಕ್ಕೆ ಒಂದು ವಿಮಾನ ಇಟ್ಟುಕೊಳ್ಳೋಣ, ಸೆಸ್ನಾ 172ಎಸ್. ತರಬೇತಿ ಶಾಲೆಗಳಲ್ಲಿ ಬಹಳ ಕಾಣುವ ವಿಮಾನ. 180 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಲೈಕಮಿಂಗ್ ಎಂಜಿನ್, ತುಂಬಿದಾಗ ಗರಿಷ್ಠ ತೂಕ 1157 ಕಿಲೋ, ಎರಡೂ ರೆಕ್ಕೆಗಳಲ್ಲಿ ಸೇರಿ 212 ಲೀಟರ್ ಪೆಟ್ರೋಲು, ಅದರಲ್ಲಿ ಬಳಕೆಗೆ ಸಿಗುವುದು 200 ಲೀಟರ್. ಎಂಜಿನ್ ನಿಂತಾಗ ಇದು ಅತಿ ದೂರ ತೇಲುವ ವೇಗ 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿಲೋಮೀಟರ್. ಆ ವೇಗದಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ಮುಂದೆ ಹೋಗುತ್ತದೆ. ಸಾವಿರ ಅಡಿ ಎತ್ತರವಿದ್ದರೆ ಗಾಳಿಯಿಲ್ಲದಾಗ 2.7 ಕಿಲೋಮೀಟರ್ ದೂರ ಮತ್ತು ಹೆಚ್ಚುಕಡಿಮೆ ಎಂಬತ್ತು ಸೆಕೆಂಡು ಸಮಯ. ಪೈಲಟ್‌ನ ಕೈಯಲ್ಲಿರುವ ಬಂಡವಾಳ ಇಷ್ಟೇ.

ಮೊದಲು, ಎಂಜಿನ್ ಯಾಕೆ ನಿಲ್ಲುತ್ತದೆ? ಪಿಸ್ಟನ್ ಒಡೆಯಿತು, ಕ್ರ್ಯಾಂಕ್‌ಶಾಫ್ಟ್ ತುಂಡಾಯಿತು ಎಂಬ ಭಯಂಕರ ಕಾರಣಗಳೂ ಇವೆ. ಆದರೆ ಪದೇ ಪದೇ ಕಾಣುವುದು ಪೆಟ್ರೋಲಿನ ಕತೆ. ಅದರಲ್ಲೂ ಎರಡು ಬಗೆ: ಟ್ಯಾಂಕೇ ಖಾಲಿಯಾಗುವುದು ಒಂದು, ಟ್ಯಾಂಕಿನಲ್ಲಿ ಇದ್ದೂ ಎಂಜಿನ್‌ಗೆ ತಲುಪದಿರುವುದು ಇನ್ನೊಂದು. ಪೆಟ್ರೋಲು ಯಾವ ಟ್ಯಾಂಕಿನಿಂದ ಬರಬೇಕೆಂದು ಆರಿಸುವ ಸೆಲೆಕ್ಟರ್ ಅನ್ನು ಒಂದೇ ಟ್ಯಾಂಕಿಗೆ ತಿರುಗಿಸಿ ಮರೆತರೆ ಪಕ್ಕದ ರೆಕ್ಕೆಯಲ್ಲಿ ನೂರು ಲೀಟರ್ ಇದ್ದರೂ ಎಂಜಿನ್ ಸಾಯುತ್ತದೆ. ಪುಟ್ಟ ವಿಮಾನಗಳ ಇಂಧನ ಮಾಪಕವನ್ನು ನಂಬಬೇಡಿ, ಡಿಪ್‌ಸ್ಟಿಕ್ ಹಾಕಿ ನೋಡಿ ಎಂದು ಶಾಲೆಗಳು ಹೇಳುವುದು ಸುಮ್ಮನೆ ಅಲ್ಲ.

ಕರಾವಳಿಯವರು ಹೆಚ್ಚು ಯೋಚಿಸಬೇಕಾದ್ದು ನೀರಿನ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಿಂತ ವಿಮಾನದ ಟ್ಯಾಂಕ್ ಮುಚ್ಚಳದ ರಬ್ಬರ್ ಸ್ವಲ್ಪ ಒಣಗಿ ಸೀಳಿದ್ದರೂ ಸಾಕು, ರೆಕ್ಕೆಯ ಮೇಲೆ ಬಿದ್ದ ಮಳೆನೀರು ಒಳಗಿಳಿಯುತ್ತದೆ. ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ, ಎಂಜಿನ್‌ಗೆ ಹೋಗುವ ಕೊಳವೆ ಇರುವುದೂ ಅಲ್ಲೇ. ಆದ್ದರಿಂದ 172ಎಸ್‌ನಲ್ಲಿ ಪ್ರತಿ ರೆಕ್ಕೆಯ ಅಡಿಯಲ್ಲಿ ಐದು, ಹೊಟ್ಟೆಯ ಅಡಿಯಲ್ಲಿ ಮೂರು, ಒಟ್ಟು 13 ಡ್ರೈನ್‌ಗಳಿವೆ. ಹಾರುವ ಮೊದಲು ಪ್ರತಿಯೊಂದರಿಂದಲೂ ಪಾರದರ್ಶಕ ಲೋಟಕ್ಕೆ ಸ್ವಲ್ಪ ಸುರಿದು ನೋಡಬೇಕು. ನೀರಿದ್ದರೆ ತಳದಲ್ಲಿ ಗುಳ್ಳೆಯಂತೆ ಬೇರೆಯಾಗಿ ನಿಲ್ಲುತ್ತದೆ. ಇಲ್ಲೊಂದು ಮೋಸವಿದೆ. ಲೋಟದಲ್ಲಿ ಬಂದದ್ದು ಪೂರ್ತಿ ನೀರೇ ಆಗಿದ್ದರೆ ಗೆರೆಯೇ ಕಾಣುವುದಿಲ್ಲ, ‘ಆಹಾ, ಶುದ್ಧವಾಗಿದೆ’ ಅನಿಸುತ್ತದೆ. 100 ಎಲ್‌ಎಲ್ ಏವಿಯೇಷನ್ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಲೋಟವನ್ನು ಬಿಳಿ ಹಿನ್ನೆಲೆಗೆ ಹಿಡಿದು ನೀಲಿ ಇದೆಯೇ ಎಂದು ನೋಡಿದರೆ ಮಾತ್ರ ಪರೀಕ್ಷೆ ಪೂರ್ತಿ.

ಎಡರೆಕ್ಕೆಯ ಅಡಿಯಲ್ಲಿ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆ ಇದೆ. ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ಕಣಜ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆಯಲ್ಲ, ಅದಕ್ಕೆ ಈ ತೂತು ಬಹಳ ಇಷ್ಟ. ಅಲ್ಲಿ ಗೂಡು ಕಟ್ಟಿತೆಂದರೆ ಪೆಟ್ರೋಲು ಖರ್ಚಾದಷ್ಟು ಗಾಳಿ ಒಳಬರದೆ ಹರಿವು ಕುಗ್ಗುತ್ತದೆ. ಹಾಗಾಗದಂತೆ ಮುಚ್ಚಳದಲ್ಲೂ ಗಾಳಿದಾರಿ ಇಟ್ಟಿರುತ್ತಾರೆ, ಆದರೂ ಬೆರಳಿನಿಂದ ಮುಟ್ಟಿ ನೋಡುವುದು ಕ್ರಮ.

ಇನ್ನು ಮಂಜುಗಡ್ಡೆ. ನಗಬೇಡಿ, ಮಂಗಳೂರಿನ ಸೆಖೆಯಲ್ಲೂ ಎಂಜಿನ್‌ನೊಳಗೆ ಮಂಜುಗಡ್ಡೆ ಕಟ್ಟುತ್ತದೆ. 172ಎಸ್‌ನಲ್ಲಿ ಪೆಟ್ರೋಲನ್ನು ನೇರ ಚಿಮ್ಮಿಸುವ ವ್ಯವಸ್ಥೆ ಇರುವುದರಿಂದ ಈ ಕಾಟವಿಲ್ಲ, ಆದರೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ 172, 152ಗಳಲ್ಲಿ ಇದೆ. ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ಗಾಳಿ ಹಿಗ್ಗಿ, ಪೆಟ್ರೋಲು ಆವಿಯಾಗಿ, ಉಷ್ಣತೆ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ 25 ಡಿಗ್ರಿ, ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿದೆ, ಪೈಲಟ್ ಥ್ರಾಟಲ್ ತಗ್ಗಿಸಿ ಇಳಿಯುತ್ತಿದ್ದಾನೆ. ನಮ್ಮ ಮಳೆಗಾಲದ ಸಾಮಾನ್ಯ ದಿನ ಇದು, ಮಂಜು ಕಟ್ಟುವ ಅಪಾಯ ತೋರಿಸುವ ಐಸಿಂಗ್ ನಕ್ಷೆಯಲ್ಲಿ ಗಂಭೀರ ಅಪಾಯದ ಭಾಗ. ಆರ್‌ಪಿಎಂ ಮೆಲ್ಲಗೆ ಇಳಿಯುತ್ತದೆ, ಪೈಲಟ್ ಗೊತ್ತಿಲ್ಲದೆಯೇ ಥ್ರಾಟಲ್ ಸ್ವಲ್ಪ ಸ್ವಲ್ಪ ಏರಿಸುತ್ತಾನೆ, ಒಂದು ಹೊತ್ತಿನಲ್ಲಿ ಎಂಜಿನ್ ಕೆಮ್ಮುತ್ತದೆ. ಆಗ ಕಾರ್ಬ್ ಹೀಟ್ ಎಳೆದರೆ ಬಿಸಿಗಾಳಿ ಹೋಗಿ ಮಂಜು ಕರಗುತ್ತದೆ. ಕರಗಿದ ನೀರನ್ನು ನುಂಗುವ ಎಂಜಿನ್ ಅರ್ಧ ನಿಮಿಷ ಇನ್ನೂ ಕೆಟ್ಟದಾಗಿ ಓಡುತ್ತದೆ. ‘ಇದರಿಂದಲೇ ಹಾಳಾಯಿತು’ ಎಂದು ಹೊಸಬ ಅದನ್ನು ವಾಪಸ್ ತಳ್ಳಿಬಿಡುತ್ತಾನೆ. ಹಿಡಿದಿಟ್ಟಿದ್ದರೆ ಸರಿಹೋಗುತ್ತಿತ್ತು. ತನಿಖೆಗೆ ಬಂದವರಿಗೆ ಎಂಜಿನ್‌ನಲ್ಲಿ ದೋಷವೇ ಕಾಣುವುದಿಲ್ಲ, ಸಾಕ್ಷಿ ಆಗಲೇ ಕರಗಿಹೋಗಿರುತ್ತದೆ.

ಯಾಂತ್ರಿಕ ಕಾರಣಗಳಲ್ಲಿ ಕಡಲತಡಿಗೆ ಹತ್ತಿರದ್ದು ಒಂದನ್ನು ಹೇಳುತ್ತೇನೆ. ಲೈಕಮಿಂಗ್ ಎಂಜಿನ್‌ನಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ವಿಮಾನ ವಾರಗಟ್ಟಲೆ ಹಾರದೆ ನಿಂತರೆ ಎಣ್ಣೆ ಜಾರಿ ಕೆಳಗಿಳಿದು ಕ್ಯಾಮ್ ಬೋಳಾಗುತ್ತದೆ. ಉಪ್ಪುಗಾಳಿ ಉಳಿದ ಕೆಲಸ ಮಾಡುತ್ತದೆ. ತುಕ್ಕಿನ ಸಣ್ಣ ಚುಕ್ಕೆ ಮುಂದೆ ಲೋಹದ ಸಿಪ್ಪೆಯಾಗಿ ಏಳುತ್ತದೆ. ಆಯಿಲ್ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಮಿನುಗುವ ಚೂರು ಇದೆಯೇ ಎಂದು ನೋಡುವುದು ಇದಕ್ಕಾಗಿ. ಎಂಜಿನ್‌ಗೆ 2000 ಗಂಟೆ ಆಯಸ್ಸು ಎಂದು ಪುಸ್ತಕದಲ್ಲಿದೆ. ಜೊತೆಗೆ 12 ವರ್ಷ ಎಂಬ ಇನ್ನೊಂದು ಗಡಿಯೂ ಇದೆ. ಕಡಿಮೆ ಹಾರಿದ ವಿಮಾನ ಒಳ್ಳೆಯದು ಎಂಬ ಸೆಕೆಂಡ್ ಹ್ಯಾಂಡ್ ಕಾರಿನ ತರ್ಕ ಇಲ್ಲಿ ನಡೆಯುವುದಿಲ್ಲ. ಹಾರದೆ ನಿಂತ ವಿಮಾನದ ಎಂಜಿನ್ ಬಗ್ಗೆಯೇ ನನಗೆ ಹೆಚ್ಚು ಅನುಮಾನ.

ಸರಿ, ನಿಂತಿತು. ಈಗ?

ಮೂಗು ಕೆಳಗೆ. ಏರುತ್ತಿರುವಾಗ ನಿಂತರಂತೂ ಇದು ಕೂಡಲೇ ಆಗಬೇಕು, ಏಕೆಂದರೆ ಮೂಗು ಮೇಲಿದ್ದು ಎಳೆಯುವ ಶಕ್ತಿ ಇಲ್ಲದಿದ್ದರೆ ವೇಗ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಮನುಷ್ಯನ ಮೊದಲ ಪ್ರತಿಕ್ರಿಯೆ ನಂಬದಿರುವುದು. ಆ ಮೂರು-ನಾಲ್ಕು ಸೆಕೆಂಡೇ ದುಬಾರಿ. ವೇಗ 68ಕ್ಕೆ ಬಂದು ನಿಂತ ಮೇಲೆ ಇಳಿಯುವ ಜಾಗ ಆರಿಸುವುದು, ಅದರ ಕಡೆ ತಿರುಗುವುದು. ಎತ್ತರ ಇದ್ದರೆ ಮಾತ್ರ ಮತ್ತೆ ಹೊತ್ತಿಸುವ ಪ್ರಯತ್ನ: ಇಂಧನದ ಷಟ್‌ಆಫ್ ಗುಂಡಿ ಒಳಗಿದೆಯೇ, ಸೆಲೆಕ್ಟರ್ ಎರಡೂ ಟ್ಯಾಂಕಿಗೆ ಇದೆಯೇ, ಸಹಾಯಕ ಪಂಪ್ ಹಾಕಿ, ಮಿಕ್ಸ್ಚರ್ (ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ) ಪೂರ್ತಿ ರಿಚ್, ಕಿಡಿ ಹೊತ್ತಿಸುವ ಮ್ಯಾಗ್ನೆಟೋಗಳ ಕೀಲಿ ಎರಡಕ್ಕೂ. ಗಾಳಿಗೆ ಪ್ರೊಪೆಲ್ಲರ್ ತಿರುಗುತ್ತಲೇ ಇದ್ದರೆ ಸ್ಟಾರ್ಟರ್ ಬೇಡ. ಆಮೇಲೆ ರೇಡಿಯೋ. ಮಾತಾಡುತ್ತಿರುವ ತರಂಗಾಂತರದಲ್ಲೇ ಮೂರು ಸಲ ‘ಮೇಡೇ’, ಸಿಗದಿದ್ದರೆ ತುರ್ತಿನ ತರಂಗಾಂತರ 121.5, ರೇಡಾರಿಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಸಂಖ್ಯೆ 7700. ಗೋಪುರದವರು ಎಂಜಿನ್ ಹೊತ್ತಿಸಿಕೊಡಲಾರರು, ಆದ್ದರಿಂದ ರೇಡಿಯೋ ಮೊದಲಲ್ಲ.

ಈಗ ನಮ್ಮೂರಿನ ಒಂದು ಲೆಕ್ಕ. ಪಣಂಬೂರು ಕಡಲತೀರದ ಮೇಲೆ 3000 ಅಡಿಯಲ್ಲಿ ಎಂಜಿನ್ ನಿಂತಿತು ಎನ್ನಿ. ಬಜ್ಪೆಯ ರನ್‌ವೇ 2450 ಮೀಟರ್ ಉದ್ದ, ಕಣ್ಣಿಗೆ ಕಾಣುತ್ತಲೇ ಇದೆ. ಹೋಗಬಹುದೇ? ನೇರ ದೂರ ಸುಮಾರು ಹತ್ತು ಕಿಲೋಮೀಟರ್. ವಿಮಾನ ನಿಲ್ದಾಣ ಇರುವುದು ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 337 ಅಡಿ ಮೇಲೆ. ಅಷ್ಟನ್ನು ಕಳೆದರೆ ಉಳಿಯುವುದು 2663 ಅಡಿ, ಅಂದರೆ 812 ಮೀಟರ್. ಒಂಬತ್ತರಿಂದ ಗುಣಿಸಿದರೆ 7.3 ಕಿಲೋಮೀಟರ್. ಮಧ್ಯಾಹ್ನದ ಕಡಲಗಾಳಿ ಹತ್ತು ನಾಟ್ ಹಿಂದಿನಿಂದ ತಳ್ಳಿದರೂ ಮತ್ತೊಂದು ಕಿಲೋಮೀಟರ್ ಸೇರಿ 8.4. ಮುಟ್ಟುವುದಿಲ್ಲ. ಬಯಲುಸೀಮೆಯ ರನ್‌ವೇ ಆಗಿದ್ದರೆ ತಲುಪದವನಿಗೆ ಹೊಲವಾದರೂ ಸಿಗುತ್ತದೆ, ಗುಡ್ಡದ ನೆತ್ತಿಯ ಇಂಥ ಟೇಬಲ್‌ಟಾಪ್ ರನ್‌ವೇಯಲ್ಲಿ ಸಿಗುವುದು ಗುಡ್ಡದ ಮೈ. ಇನ್ನೂ ಕೆಟ್ಟದ್ದೆಂದರೆ, ಇನ್ನೇನು ಮುಟ್ಟಿತು ಅನ್ನುವಾಗ ಪೈಲಟ್ ಮೂಗು ಎತ್ತಿ ಎಳೆಯಲು ನೋಡುತ್ತಾನೆ. 68ಕ್ಕಿಂತ ನಿಧಾನವಾದರೆ ವಿಮಾನ ಅಷ್ಟೇ ಎತ್ತರಕ್ಕೆ ಇನ್ನೂ ಕಡಿಮೆ ದೂರ ಹೋಗುತ್ತದೆ, ಕೊನೆಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಸೋಲುತ್ತದೆ. ದೂರದ ರನ್‌ವೇಯ ಆಸೆಗೆ ಕಾಲಡಿಯ ಮರಳನ್ನು ಬಿಟ್ಟವನ ಕತೆ ಇದು.

ಹಾಗಾದರೆ ನಮ್ಮ ಕರಾವಳಿಯಲ್ಲಿ ಎಲ್ಲಿ ಇಳಿಯುವುದು? ತೆಂಗು, ಅಡಿಕೆ ತೋಟ ಆಗದು. ಕೆಂಪುಕಲ್ಲಿನ ಪಾದೆ ದೂರದಿಂದ ಮೈದಾನದ ಹಾಗೆ ಕಾಣುತ್ತದೆ, ಹತ್ತಿರ ಬಂದಾಗ ಕಲ್ಲು ತೆಗೆದ ನೇರ ಗೋಡೆಯ ಗುಂಡಿಗಳು. ಬೈಲು ಗದ್ದೆ ಅಗಲವಾಗಿದೆ, ಸಪಾಟಾಗಿದೆ, ಆದರೆ ಹುಣಿಗಳಿವೆ, ಅಂದರೆ ಗದ್ದೆಯ ಬದುಗಳು. ಕೊಯ್ಲು ಮುಗಿದು ಒಣಗಿದ ಬೈಲು, ಹುಣಿಯ ಉದ್ದಕ್ಕೆ ಇಳಿಯುವಂತಿದ್ದರೆ, ಕರಾವಳಿಯಲ್ಲಿ ಸಿಗುವ ಒಳ್ಳೆಯ ಜಾಗಗಳಲ್ಲಿ ಒಂದು. ನೀರು ಕಟ್ಟಿ ಉತ್ತ ಗದ್ದೆಯಲ್ಲಿ ಮೂಗಿನ ಚಕ್ರ ಕೆಸರಿಗೆ ಕಚ್ಚಿ ವಿಮಾನ ಮಗುಚುತ್ತದೆ. ಹಾಗಾದರೂ ನಿಧಾನವಾಗಿ ಇಳಿದಿದ್ದರೆ ಒಳಗಿನವರು ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ. ಎತ್ತರದ ಜಾಗದ ಮಜಲು, ಬೆಟ್ಟು ಗದ್ದೆಗಳು ಮೆಟ್ಟಿಲು ಮೆಟ್ಟಿಲು. ಇಳಿಯಲೇಬೇಕಾದರೆ ಅಡ್ಡಲಾಗಿ, ಒಂದೇ ಮೆಟ್ಟಿಲಿನ ಉದ್ದಕ್ಕೆ.

ಹೆದ್ದಾರಿ 66 ಕಂಡು ಆಸೆಯಾಗುತ್ತದೆ. ರಸ್ತೆ ಕಾಣುವ ಎತ್ತರದಿಂದ ತಂತಿ ಕಾಣುವುದಿಲ್ಲ. ತಂತಿಯನ್ನಲ್ಲ, ಕಂಬವನ್ನು ಹುಡುಕಿ ಎಂದು ಕಲಿಸುತ್ತಾರೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಎಂದೇ ಲೆಕ್ಕ. ಎಲ್ಲೂರಿನ ವಿದ್ಯುತ್ ಸ್ಥಾವರದಿಂದ ಹಾಸನದ ಕಡೆ ಹೋಗುವ 400 ಕಿಲೋವೋಲ್ಟ್ ಗೋಪುರಗಳು ಕಣ್ಣಿಗೆ ಬೀಳುತ್ತವೆ, ತೋಟದ ನಡುವೆ ಹಾದುಹೋಗುವ ಮನೆಲೈನು ಬೀಳುವುದಿಲ್ಲ. ಮೇಲಾಗಿ ಹೆದ್ದಾರಿಯಲ್ಲಿ ಬಸ್ಸು, ಬೈಕು, ನಡುವೆ ಡಿವೈಡರ್.

ಉಳಿದದ್ದು ಕಡಲತೀರ. ಸಸಿಹಿತ್ಲು, ಕಾಪು, ಮಲ್ಪೆ ಕಡೆ ನೀರಿಳಿದ ಹೊತ್ತಿನಲ್ಲಿ ಅಲೆ ಮುಟ್ಟಿಹೋದ ಒದ್ದೆ ಮರಳು ಗಟ್ಟಿ. ಮೇಲಿನ ಒಣಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಮಳೆಗಾಲದಲ್ಲಿ ತೀರವೇ ಸವೆದು, ಎಷ್ಟೋ ಕಡೆ ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಲ್ಲುಗಳೇ ಉಳಿದಿರುತ್ತವೆ. ಇನ್ನು ಭಾನುವಾರ ಸಂಜೆ ಪಣಂಬೂರಿನಲ್ಲಿ ಎಷ್ಟು ಜನ ಇರುತ್ತಾರೆ, ನಿಮಗೇ ಗೊತ್ತು. 2017ರ ಆಗಸ್ಟ್‌ 2ರಂದು ಪೋರ್ಚುಗಲ್‌ನ ಕಪಾರಿಕಾ ಬೀಚಿನಲ್ಲಿ ಎಂಜಿನ್ ಕೆಟ್ಟ ಸೆಸ್ನಾ 152 ಜನರ ನಡುವೆ ಇಳಿಯಿತು. ಒಳಗಿದ್ದ ಇಬ್ಬರಿಗೂ ಏನೂ ಆಗಲಿಲ್ಲ, ಮರಳಿನಲ್ಲಿದ್ದ ಒಬ್ಬ ಗಂಡಸು ಮತ್ತು ಎಂಟು ವರ್ಷದ ಹುಡುಗಿ ಸತ್ತರು. ಎಂಜಿನ್ ಇಲ್ಲದ ವಿಮಾನ ಸದ್ದಿಲ್ಲದೆ ಬರುತ್ತದೆ, ಕೆಳಗಿನವರಿಗೆ ಓಡಲು ಎಚ್ಚರಿಕೆಯೇ ಸಿಗುವುದಿಲ್ಲ. ಜನ ತುಂಬಿದ್ದರೆ ದಡದ ಹತ್ತಿರದ ನೀರಿಗೆ ಇಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಪಾಯವನ್ನು ಒಪ್ಪಿ ಹತ್ತಿದವರು ಒಳಗಿರುವವರು, ಮರಳಲ್ಲಿ ಆಡುತ್ತಿರುವ ಮಗುವಲ್ಲ. ನೀರಿಗಿಳಿಯುವಾಗ ಚಕ್ರ ಸಿಕ್ಕಿ ಮಗುಚುವುದು ಬಹುತೇಕ ಖಂಡಿತ. ಆದ್ದರಿಂದ ಮುಟ್ಟುವ ಮೊದಲೇ ಬಾಗಿಲಿನ ಚಿಲಕ ತೆಗೆದಿಡಬೇಕು, ಅಲೆಯ ಸಾಲಿಗೆ ಸಮಾನಾಂತರವಾಗಿ ಇಳಿಯಬೇಕು, ಲೈಫ್ ಜಾಕೆಟ್‌ ಅನ್ನು ಹೊರಗೆ ಬಂದ ಮೇಲೆ ಉಬ್ಬಿಸಬೇಕು. ಒಳಗೇ ಉಬ್ಬಿಸಿದರೆ ಮಗುಚಿದ ಕ್ಯಾಬಿನ್ನಿನ ನೆಲಕ್ಕೆ ತೇಲಿ ಅಂಟಿಕೊಳ್ಳುತ್ತೀರಿ.

ಹೆಚ್ಚು ಜೀವ ತೆಗೆದ ತಪ್ಪಿಗೆ ಬರುತ್ತೇನೆ. ರನ್‌ವೇ ಬಿಟ್ಟು 400-500 ಅಡಿ ಏರಿದಾಗ ಎಂಜಿನ್ ನಿಂತರೆ ಮನಸ್ಸು ಹೇಳುವುದು ಒಂದೇ: ಹಿಂದೆ ತಿರುಗು, ರನ್‌ವೇ ಅಲ್ಲೇ ಇದೆ. 70 ನಾಟ್‌ನಲ್ಲಿ 30 ಡಿಗ್ರಿ ವಾಲಿ ಅರ್ಧ ಸುತ್ತು ತಿರುಗಿದರೆ ನೀವು ರನ್‌ವೇಯ ಪಕ್ಕಕ್ಕೆ ಸುಮಾರು 450 ಮೀಟರ್ ದೂರದಲ್ಲಿರುತ್ತೀರಿ. ಮತ್ತೂ ತಿರುಗಿ, ಮತ್ತೆ ವಾಪಸ್ ತಿರುಗಿ ಸಾಲಿಗೆ ಬರಬೇಕು. ಅಷ್ಟು ಎತ್ತರ ಎಲ್ಲಿದೆ? ಹಾಗಾಗಿ ಹೆಚ್ಚು ವಾಲಿಸುತ್ತಾರೆ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ) ಇಳಿಸದ 172ಎಸ್ ನೇರ ಹಾರಾಟದಲ್ಲಿ 48 ನಾಟ್‌ಗೆ ಸ್ಟಾಲ್ ಆಗುತ್ತದೆ. ಎತ್ತರ ಬಿಡದಂತೆ ಹಿಡಿದು 45 ಡಿಗ್ರಿ ವಾಲಿಸಿದರೆ 57ಕ್ಕೆ, 60 ಡಿಗ್ರಿಯಲ್ಲಿ 68ಕ್ಕೆ. ನಿಮ್ಮ ಗ್ಲೈಡ್ ವೇಗವೂ 68. ಅಲ್ಲಿಗೆ ಮುಗಿಯಿತು. ಒಂದು ರೆಕ್ಕೆ ಮೊದಲು ಸೋತು ವಿಮಾನ ಸುತ್ತುತ್ತಾ ಬೀಳುತ್ತದೆ, ಆ ಎತ್ತರದಲ್ಲಿ ಸ್ಪಿನ್ನಿನಿಂದ ಹೊರಬರಲಾಗದು. ಆದ್ದರಿಂದ ಸೆಸ್ನಾದ ತುರ್ತು ಕ್ರಮಗಳ ಪಟ್ಟಿಯಲ್ಲೇ ಬರೆದಿದೆ, ನೇರ ಮುಂದೆ ಇಳಿಯಿರಿ. 70 ನಾಟ್ ಹಿಡಿ, ಮಿಕ್ಸ್ಚರ್ ಕಡಿ, ಇಂಧನ ಬಂದ್, ಕೀಲಿ ಆಫ್, ಬೇಕಾದಷ್ಟು ಫ್ಲ್ಯಾಪ್, ಮಾಸ್ಟರ್ ಸ್ವಿಚ್ ಆಫ್, ಬಾಗಿಲಿನ ಚಿಲಕ ತೆಗೆ.

ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ 2015ರ ಮಾರ್ಚ್ 5ರಂದು ತಮ್ಮ ಹಳೆಯ ರಯಾನ್ ವಿಮಾನದಲ್ಲಿ ಸಾಂಟಾ ಮೋನಿಕಾದಿಂದ ಏರಿದಾಗ ಎಂಜಿನ್ ಶಕ್ತಿ ಕಳೆದುಕೊಂಡಿತು. ವಾಪಸ್ ತಿರುಗಿದರು, ಮುಟ್ಟುವುದಿಲ್ಲ ಎಂದು ಗೊತ್ತಾದಾಗ ಹಠ ಹಿಡಿಯದೆ ಗಾಲ್ಫ್ ಮೈದಾನಕ್ಕೆ ಇಳಿಸಿದರು. ಮರದ ತುದಿಗೆ ತಾಗಿ ಜೋರಾಗಿ ಬಿದ್ದರೂ ಬದುಕಿದರು. ತನಿಖೆಯಲ್ಲಿ ಸಿಕ್ಕ ಕಾರಣ, ಕಾರ್ಬ್ಯುರೇಟರಿನ ಮುಖ್ಯ ಜೆಟ್ ತಿರುಪು ಬಿಚ್ಚಿಕೊಂಡು ಪೆಟ್ರೋಲು ಅತಿಯಾಗಿ ಸುರಿದದ್ದು. ಇನ್ನೊಂದೂ ಸಿಕ್ಕಿತು: ಭುಜದ ಬೆಲ್ಟನ್ನು ಸರಿಯಾಗಿ ಕೂರಿಸಿರಲಿಲ್ಲ, ಗಾಯ ಹೆಚ್ಚಾಗಲು ಅದೂ ಕಾರಣ.

ಬೆಲ್ಟಿನ ಮಾತು ಬಂದಾಗ ನೆಲಕ್ಕೆ ಮುಟ್ಟುವ ಕ್ಷಣದ ಭೌತಶಾಸ್ತ್ರ ಹೇಳಲೇಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಒಂಬತ್ತು ಜಿ, ಅಂದರೆ ಮೈತೂಕದ ಒಂಬತ್ತು ಪಟ್ಟು ಒತ್ತಡದಲ್ಲಿ ನಿಲ್ಲಲು ಬೇಕಾದ ದೂರ ಮೂರು ಮೀಟರಿಗಿಂತ ಕಡಿಮೆ. 160ರಿಂದ ಆದರೆ ಹನ್ನೊಂದು ಮೀಟರಿಗೂ ಹೆಚ್ಚು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಗಾಳಿಗೆ ಎದುರಾಗಿ ಇಳಿಯಬೇಕು ಎಂಬುದರ ತೂಕ ಇಲ್ಲಿದೆ. 50 ನಾಟ್‌ನಲ್ಲಿ ಚಕ್ರ ಊರುವ ವಿಮಾನಕ್ಕೆ 15 ನಾಟ್ ಎದುರುಗಾಳಿ ಇದ್ದರೆ ನೆಲಕ್ಕೆ ಸಂಬಂಧಿಸಿದ ವೇಗ 35, ಅದೇ ಗಾಳಿ ಬೆನ್ನಿಗಿದ್ದರೆ 65. ಹೊಡೆತದ ಶಕ್ತಿ ಸುಮಾರು ಮೂರೂವರೆ ಪಟ್ಟು. ರೆಕ್ಕೆ ಮುರಿಯಲಿ, ಚಕ್ರ ಕಿತ್ತುಹೋಗಲಿ, ಅವು ಮುರಿದಷ್ಟೂ ಮನುಷ್ಯನಿಗೆ ಬರುವ ಹೊಡೆತ ಕಡಿಮೆ. ಎರಡು ಮರಗಳ ನಡುವೆ ಮೂಗು ತೂರಿಸಿ ರೆಕ್ಕೆಗಳನ್ನು ಬಲಿ ಕೊಡುವುದು ಒಪ್ಪಿದ ವಿಧಾನ. ವಿಮಾನ ಉಳಿಸಲು ಹೋಗಿ ಮನುಷ್ಯರನ್ನು ಕಳೆಯಬಾರದು.

ಸಭಿಕರೊಬ್ಬರು ಕೇಳಿದರು, ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರುತ್ತದಂತಲ್ಲ? ಇದೆ. ಸಿರಸ್ ವಿಮಾನಗಳಲ್ಲಿ, ಕೆಲವು ಮೈಕ್ರೋಲೈಟ್‌ಗಳಲ್ಲಿ ಇದೆ. ಬಿಚ್ಚಿಕೊಳ್ಳಲು ಕೆಲವು ನೂರು ಅಡಿ ಎತ್ತರ ಬೇಕು, ಅದಕ್ಕಿಂತ ಕೆಳಗೆ ಉಪಯೋಗವಿಲ್ಲ. ಅದನ್ನು ಹೊರಗೆಳೆಯುವುದು ರಾಕೆಟ್. ಬಿದ್ದ ವಿಮಾನದಲ್ಲಿ ಆ ರಾಕೆಟ್ ಸಿಡಿಯದೆ ಉಳಿದಿದ್ದರೆ ನೆರವಿಗೆ ಹೋದವರಿಗೆ ಅಪಾಯ. ಮೈಮೇಲೆ ತ್ರಿಕೋನದ ಎಚ್ಚರಿಕೆ ಚೀಟಿ ಅಂಟಿಸಿರುತ್ತಾರೆ, ಕಂಡರೆ ಆ ಜಾಗದಿಂದ ಬದಿಗೆ ಸರಿಯಿರಿ, ಕೇಬಲ್ ಕತ್ತರಿಸಬೇಡಿ.

ಇನ್ನೊಬ್ಬರ ಪ್ರಶ್ನೆ ನನಗೆ ಬಹಳ ಹಿಡಿಸಿತು: ನಮ್ಮ ಗದ್ದೆಗೇ ಬಿದ್ದರೆ ನಾವೇನು ಮಾಡಬೇಕು? ಮೊದಲು 112ಕ್ಕೆ ಕರೆ. ಹೋಗುವಾಗ ಹಿಂದಿನಿಂದ ಅಥವಾ ಪಕ್ಕದಿಂದ ಹೋಗಿ. ಪ್ರೊಪೆಲ್ಲರ್ ನಿಂತಿದ್ದರೂ ಮುಟ್ಟಬೇಡಿ. ಮ್ಯಾಗ್ನೆಟೋಗೆ ಬ್ಯಾಟರಿ ಬೇಡ, ಕೀಲಿ ಆಫ್ ಆಗಿರದಿದ್ದರೆ ಕೈಯಲ್ಲಿ ಸ್ವಲ್ಪ ತಿರುಗಿಸಿದರೂ ಒಂದು ಸಿಲಿಂಡರ್ ಹೊತ್ತಿ ಅಲಗು ತಿರುಗಬಹುದು. ಬೀಡಿ, ಸಿಗರೇಟು ದೂರ. ಗದ್ದೆಯಲ್ಲಿ ನೀರಿದ್ದರೆ ಪೆಟ್ರೋಲು ನೀರಿನ ಮೇಲೆ ತೇಲಿ ಹುಣಿಯ ಅಂಚಿನವರೆಗೂ ಹರಡಿರುತ್ತದೆ, ವಿಮಾನದಿಂದ ಇಪ್ಪತ್ತು ಮೀಟರ್ ಆಚೆ ನಿಂತಿದ್ದೇನೆ ಎಂಬುದು ಧೈರ್ಯಕ್ಕೆ ಕಾರಣವಲ್ಲ. ಬೆಂಕಿಯಿಲ್ಲದಿದ್ದರೆ ಗಾಯಾಳುಗಳನ್ನು ಎಳೆದಾಡಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ತಲೆ, ಕೊರಳು ಅಲುಗದಂತೆ ಹಿಡಿದು ಮಾತಾಡಿಸುತ್ತಾ ಇರಿ. ಹೊಗೆ, ಬೆಂಕಿ ಕಂಡರೆ ಮಾತ್ರ ಬೆಲ್ಟ್ ಬಿಚ್ಚಿ ಹೊರಗೆ. ತಲೆಕೆಳಗಾಗಿ ನೇತಾಡುತ್ತಿದ್ದರೆ ಮೊದಲು ಮೈಗೆ ಆಸರೆ ಕೊಟ್ಟು ಆಮೇಲೆ ಬಿಚ್ಚಬೇಕು.

172ರಲ್ಲಿ ಎಡ ಸೀಟಿನ ಮುಂದೆ ಪ್ಯಾನೆಲ್‌ನ ಕೆಳಮೂಲೆಯಲ್ಲಿ ಕೆಂಪು ಮಾಸ್ಟರ್ ಸ್ವಿಚ್ ಇರುತ್ತದೆ. ಕೈಗೆ ಸಿಕ್ಕಿದರೆ ಆಫ್ ಮಾಡಿ. ಯಾವ ಸ್ವಿಚ್ ಮುಟ್ಟಿದಿರಿ, ಮೊದಲು ಅದು ಹೇಗಿತ್ತು ಎಂದು ನೆನಪಿಟ್ಟುಕೊಂಡು ಬಂದವರಿಗೆ ಹೇಳಿ, ಆಗುವುದಾದರೆ ಮುಟ್ಟುವ ಮೊದಲು ಒಂದು ಫೋಟೋ. ಜನರನ್ನು ಉಳಿಸಲು ಬೇಕಾದಷ್ಟನ್ನು ಬಿಟ್ಟು ಅವಶೇಷ ಕದಲಿಸಬಾರದು, ಅದು ಕಾನೂನು. ತನಿಖೆಯ ಸಂಸ್ಥೆಯಾದ ಎಎಐಬಿಯವರು ಬಂದು ನೋಡುವುದು ನಿಮಗೆ ಕಸವೆನಿಸುವ ವಸ್ತುಗಳನ್ನೇ. ಪ್ರೊಪೆಲ್ಲರಿನ ಒಂದು ಅಲಗು ಹಿಂದಕ್ಕೆ ಬಾಗಿ ಇನ್ನೊಂದು ನೆಟ್ಟಗಿದ್ದರೆ ಎಂಜಿನ್ ಶಕ್ತಿಯಿಲ್ಲದೆ ಬಂದಿತ್ತು ಎಂಬ ಸೂಚನೆ. ಎರಡೂ ತಿರುಚಿ ಅಂಚು ಕೆತ್ತಿಹೋಗಿದ್ದರೆ ತಿರುಗುತ್ತಲೇ ಬಡಿದಿದೆ. ಸೆಲೆಕ್ಟರ್ ಯಾವ ಕಡೆಗಿತ್ತು, ಫಿಲ್ಟರಿನ ಬಟ್ಟಲಲ್ಲಿ ಎಷ್ಟು ಪೆಟ್ರೋಲಿತ್ತು, ಅದರಲ್ಲಿ ನೀರಿತ್ತೇ ಎಂಬುದೆಲ್ಲ ಅಲ್ಲೇ ಸಿಗಬೇಕು. ಪೆಟ್ರೋಲು ಸೋರುತ್ತಿದ್ದರೆ ಒಂದು ಶುಭ್ರ ಒಣ ಗಾಜಿನ ಬಾಟಲಿ ತಂದಿಡಿ. ತನಿಖೆಯವರೋ ಪೊಲೀಸರೋ ಬಂದಾಗ ಮಾದರಿ ಹಿಡಿಯಲು ಉಪಯೋಗಕ್ಕೆ ಬರುತ್ತದೆ. ಪ್ಲಾಸ್ಟಿಕ್ ಬಾಟಲಿ ಬೇಡ, ಕೆಲವು ಬಗೆಯವು ಪೆಟ್ರೋಲಿಗೆ ಮೆತ್ತಗಾಗಿ ಮಾದರಿಯನ್ನೇ ಕೆಡಿಸುತ್ತವೆ.